ತಮ್ಮ ಮಾಡಿಸಿಕೊಂಡ ಆಣೆ

ಪತ್ರ: ನಾನು ಮದುವೆಯಾಗಿ ಗದಗಿನಲ್ಲಿದ್ದೇನೆ, ತವರು ಹಾವೇರಿ ಜಿಲ್ಲೆಯ ಹಳ್ಳಿ. ತಮ್ಮ ಬ್ಯಾಡಗಿಯಿಂದ ಮೆಣಸಿನಕಾಯಿ ಲಾರಿ ಓಡಿಸುತ್ತಾನೆ. ಎರಡು ತಿಂಗಳು ಕೆಮ್ಮಿದ, ಮೆಣಸಿನಕಾಯಿ ಘಾಟಿಗೆ ಇರಬೇಕು ಎಂದು ಸುಮ್ಮನಿದ್ದೆವು. ಮೈ ಇಳಿದ ಮೇಲೆ ತೋರಿಸಿದರೆ ಟಿ.ಬಿ. ಎಂದರು, ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಕೂಡ ಬಂತು. ಟಿ.ಬಿ. ವಿಷಯ ಮನೆಯವರಿಗೆಲ್ಲ ಗೊತ್ತು, ಎಚ್‌ಐವಿ ನನಗೊಬ್ಬಳಿಗೇ. “ಅಕ್ಕಾ, ಅವ್ವನ ಆಣಿ ಐತಿ, ನನ್ನ ಹೆಂಡ್ತಿಗೆ ಮಾತ್ರ ಹೇಳಬ್ಯಾಡ” ಎಂದು ಕೈ ಹಿಡಿದು ಆಣೆ ಮಾಡಿಸಿಕೊಂಡಿದ್ದಾನೆ. ಅವನಿಗೆ ಮೂರು ವರ್ಷದ ಮಗಳಿದ್ದಾಳೆ, ಗಂಡ ಹೆಂಡತಿ ಇನ್ನೊಂದು ಮಗುವಿನ ಆಸೆಯಲ್ಲಿದ್ದಾರೆ. ಅವ್ವ ಅವನ ಗಂಗಾಳ, ಚರಿಗಿ ಬೇರೆ ಮಾಡಿ ಹಿತ್ತಲ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ಹೇಳಿದರೆ ಸಂಸಾರ ಮುರಿಯುತ್ತದೆ, ಹೇಳದಿದ್ದರೆ ಆ ಹುಡುಗಿಗೆ ಮೋಸ. ನಾನೇನು ಮಾಡಲಿ?

ಉತ್ತರ: ತಂಗಿ, ನೀವಾಗಿ ಹೇಳಬೇಡಿ. ಅವನ ಬಾಯಿಂದಲೇ ಹೇಳಿಸಿ, ಆದರೆ ಇದೇ ವಾರದಲ್ಲಿ. ಇನ್ನೊಂದು ಮಗುವಿನ ಆಸೆಯಲ್ಲಿದ್ದಾರೆ ಎಂದರೆ ಕಾಂಡೋಮ್ ಇಲ್ಲ. ಚಿಕಿತ್ಸೆ ಶುರುವಾಗದ ಈ ಹೊತ್ತಿನಲ್ಲಿ ಅವನಿಂದ ಆಕೆಗೆ ತಗಲುವ ಅಪಾಯ ದಿನವೂ ಇದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಆಣೆ ಮಾಡಿಸಿಕೊಂಡಿದ್ದಾನೆಂದು ತಮ್ಮನ ಮೇಲೆ ಸಿಟ್ಟು ಬೇಡ. ಆಪ್ತ ಸಮಾಲೋಚನೆಯ ಕೋಣೆಯಲ್ಲಿ ವರ್ಷಗಟ್ಟಲೆ ಕೂತವಳು ನಾನು. ಹೆಂಡತಿಗೆ ಹೇಗೆ ಹೇಳಲಿ ಎಂದು ಪರೀಕ್ಷೆಯ ಕಾಗದವನ್ನು ಚಿಕ್ಕದಾಗಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮತ್ತೆ ತೆಗೆದು ನೋಡುವ ಗಂಡಸರನ್ನು ಬಹಳ ಕಂಡಿದ್ದೇನೆ. ಅವರಿಗೆ ರೋಗಕ್ಕಿಂತ ಮನೆಯ ಹೊಸ್ತಿಲು ದಾಟುವುದೇ ದೊಡ್ಡ ಭಯ. ಆದ್ದರಿಂದ ಎಲ್ಲಿ ತಗಲಿಸಿಕೊಂಡೆ ಎಂದು ಕೇಳಬೇಡಿ. “ನಾನು ಯಾರ ಮುಂದೂ ಹೇಳಂಗಿಲ್ಲ. ಆದ್ರ ನೀ ಹೇಳಬೇಕು. ನಾ ಜೊತಿಗೆ ಬರ್ತೀನಿ” ಎನ್ನಿ. ಅವನನ್ನು ಕರೆದುಕೊಂಡು ಹಾವೇರಿ ಜಿಲ್ಲಾ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ ಹೋಗಿ. ಅಲ್ಲಿ ಗುರುತಿನವರು ಕಂಡಾರು ಎಂಬ ಅಂಜಿಕೆ ಇದ್ದರೆ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೆ ಹೋಗಿ. ಸಮಾಲೋಚಕರು ಮೊದಲು ಅವನೊಬ್ಬನ ಜೊತೆ, ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ.

ಒಬ್ಬರ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಹಾಕಬಾರದು ಎಂಬ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದೇ ಕಾಯ್ದೆ ಆ ಹುಡುಗಿಯನ್ನೂ ಮರೆತಿಲ್ಲ. ಎಷ್ಟು ತಿಳಿಹೇಳಿದರೂ ಗಂಡ ಹೇಳುವುದಿಲ್ಲ ಎಂದು ಖಾತ್ರಿಯಾದರೆ, ಮೊದಲು ಅವನಿಗೇ ತಿಳಿಸಿ, ಆಮೇಲೆ ಹೆಂಡತಿಗೆ ಹೇಳುವ ಅಧಿಕಾರ ವೈದ್ಯರಿಗೆ, ಸಮಾಲೋಚಕರಿಗೆ ಇದೆ. ಅಂದರೆ ಈ ಭಾರವನ್ನು ನೀವೊಬ್ಬರೇ ಹೊರಬೇಕಾಗಿಲ್ಲ. ಒಂದು ಮಾತ್ರ ಮಾಡಬೇಡಿ: ಟಿ.ಬಿ. ಪರೀಕ್ಷೆ ಎಂದು ಸುಳ್ಳು ಹೇಳಿ ಅವಳ ರಕ್ತ ಕೊಡಿಸಬೇಡಿ. ಯಾವ ಪರೀಕ್ಷೆ ಎಂದು ತಿಳಿದು, ಒಪ್ಪಿ ಕೊಡುವುದು ಅವಳ ಹಕ್ಕು. ಆ ಸುಳ್ಳು ಮುಂದೆ ಹೊರಬಿದ್ದರೆ ಅವಳು ಔಷಧವನ್ನೂ ನಂಬಲಾರಳು.

ಅವಳ ಪರೀಕ್ಷೆ ಪುಕ್ಕಟೆ, ಸ್ವಲ್ಪ ರಕ್ತದಲ್ಲೇ ಮೊದಲ ಫಲಿತಾಂಶ ಸಿಗುತ್ತದೆ. ‘ಇಲ್ಲ’ ಎಂದು ಬಂದರೂ ಅಲ್ಲಿಗೆ ಬಿಡಬಾರದು. ಸೋಂಕು ತಗಲಿದ ಹೊಸತರಲ್ಲಿ ಪರೀಕ್ಷೆಯಲ್ಲಿ ಕಾಣದಿರಬಹುದು, ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು. ಕಳೆದ 72 ಗಂಟೆಯೊಳಗೆ ಸಂಪರ್ಕವಾಗಿದ್ದರೆ ತಡೆಗಟ್ಟುವ ಔಷಧ ಉಂಟು, 28 ದಿನ ನುಂಗಬೇಕು. ತಡಮಾಡದೆ ವೈದ್ಯರನ್ನು ಕೇಳಿ. ಅವಳಿಗೆ ಸೋಂಕು ಇದ್ದರೆ ಮಗಳಿಗೂ ಪರೀಕ್ಷೆ ಬೇಕು. ಇನ್ನೊಂದು ಮಗುವಿನ ಆಸೆಯನ್ನು ಬಿಟ್ಟೇಬಿಡಬೇಕೆಂದಿಲ್ಲ, ಸದ್ಯಕ್ಕೆ ಮುಂದೂಡಲಿ. ಔಷಧ ಸರಿಯಾಗಿ ತೆಗೆದುಕೊಂಡ ತಾಯಿಯಿಂದ ಮಗುವಿಗೆ ಸೋಂಕು ದಾಟುವುದು ನೂರಕ್ಕೆ ಐದಕ್ಕಿಂತಲೂ ಕಡಿಮೆ.

ಇನ್ನು ತಮ್ಮನ ವಿಷಯ. ಎಚ್‌ಐವಿ ವರ್ಷಗಟ್ಟಲೆ ಸುಳಿವು ಕೊಡದೆ ಮೈಯ ಕಾವಲು ಕಾಯುವ ಸಿಡಿ4 ಕಣಗಳನ್ನು ತಿನ್ನುತ್ತಾ ಹೋಗುತ್ತದೆ. ಕಾವಲು ಸಡಿಲಾದಾಗ ನಮ್ಮ ದೇಶದಲ್ಲಿ ಮೊದಲು ನುಗ್ಗುವುದು ಹೆಚ್ಚಾಗಿ ಟಿ.ಬಿ. ಅದಕ್ಕೇ ಟಿ.ಬಿ. ಬಂದವರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಟಿ.ಬಿ. ಔಷಧ ಮೊದಲು ಶುರು, ಸಾಮಾನ್ಯವಾಗಿ ಆರು ತಿಂಗಳು. ಅದು ಶುರುವಾದ ಎರಡು ವಾರದಿಂದ ಎರಡು ತಿಂಗಳೊಳಗೆ ಎಆರ್‌ಟಿ, ಅಂದರೆ ಎಚ್‌ಐವಿಯ ಔಷಧ. ನ್ಯುಮೋನಿಯಾದಂಥ ಬೇರೆ ಸೋಂಕು ಬರದಂತೆ ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನೂ ಕೊಡುತ್ತಾರೆ. ಟಿ.ಬಿ. ಔಷಧ ನಡೆಯುವಾಗ ಎಆರ್‌ಟಿಯ ಡೊಲುಟೆಗ್ರಾವಿರ್ ದಿನಕ್ಕೆರಡು ಸಲ ಬೇಕು, ಆದ್ದರಿಂದ ಎಆರ್‌ಟಿ ಕೇಂದ್ರದಲ್ಲಿ ಟಿ.ಬಿ. ಚೀಟಿ ತೋರಿಸುವುದನ್ನು ಮರೆಯಬೇಡಿ. ಟಿ.ಬಿ. ಔಷಧ ಮುಗಿದು ಎರಡು ವಾರ ಕಳೆದ ಮೇಲೆ ದಿನಕ್ಕೊಂದೇ ಮಾತ್ರೆ. ಲಾರಿಯವನು, ರಾತ್ರಿ ಯಾವ ಊರಲ್ಲಿರುತ್ತಾನೋ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಲಿ, ನಾಲ್ಕು ದಿನದ ಮಾತ್ರೆ ಯಾವಾಗಲೂ ಚೀಲದಲ್ಲಿರಲಿ. ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು, ಹಾಗೇ ಉಳಿದರೆ ಅವನಿಂದ ಹೆಂಡತಿಗೆ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ. ಪರೀಕ್ಷೆಯಲ್ಲಿ ಅದು ಖಾತ್ರಿಯಾಗುವವರೆಗೆ ಕಾಂಡೋಮ್ ಬೇಕೇ ಬೇಕು. ಹೆಂಡತಿಗೆ ಹೇಳಲು ಹೆದರುವ ಗಂಡನಿಗೆ ಇದನ್ನು ಮೊದಲೇ ತಿಳಿಸಿ, ಅರ್ಧ ಧೈರ್ಯ ಇದರಿಂದಲೇ ಬರುತ್ತದೆ.

ಟಿ.ಬಿ. ಕೆಮ್ಮಿನ ಗಾಳಿಯಿಂದ ಹರಡುತ್ತದೆ. ಕಿಟಕಿ ತೆರೆದಿಡಿ, ಮೊದಮೊದಲ ವಾರಗಳಲ್ಲಿ ಅವನು ಮಾಸ್ಕ್ ಹಾಕಿಕೊಳ್ಳಲಿ. ಮಗಳನ್ನು, ಹೆಂಡತಿಯನ್ನು, ಅವ್ವನನ್ನು ಟಿ.ಬಿ. ತಪಾಸಣೆಗೆ ಕರೆದೊಯ್ಯಿರಿ. ರೋಗ ಇಲ್ಲದಿದ್ದರೆ, ಅದರಲ್ಲೂ ಆ ಪುಟ್ಟ ಮಗುವಿಗೆ, ಮುಂದೆ ಬಾರದಂತೆ ಔಷಧ ಕೊಡುತ್ತಾರೆ. ಚಿಕಿತ್ಸೆ ಮುಗಿಯುವವರೆಗೆ ಊಟದ ಖರ್ಚಿಗೆಂದು ಸರ್ಕಾರ ತಿಂಗಳಿಗೆ 1000 ರೂಪಾಯಿ ಕೊಡುತ್ತದೆ, ಬ್ಯಾಂಕ್ ಖಾತೆಯ ವಿವರ ಕೊಟ್ಟು ಬನ್ನಿ. ಹೋಗುವ ಮುಂಚೆ ಯಾರನ್ನಾದರೂ ಕೇಳಬೇಕೆನಿಸಿದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಕತ್ತರಿಸುವುದಿಲ್ಲ.

ಗಂಗಾಳದಿಂದ ಟಿ.ಬಿ.ಯೂ ಬರುವುದಿಲ್ಲ, ಎಚ್‌ಐವಿಯೂ ಬರುವುದಿಲ್ಲ. ಇದನ್ನು ಅವ್ವನಿಗೆ ಹೇಳಲು ಯಾವ ಆಣೆಯೂ ಅಡ್ಡ ಬರುವುದಿಲ್ಲ. ಈ ಸಲ ತವರಿಗೆ ಹೋದಾಗ ಕಟ್ಟೆಯ ಮೇಲಿನ ಗಂಗಾಳ ನೀವೇ ಒಳಗೆ ತನ್ನಿ, ರೊಟ್ಟಿ ಹಾಕಿಕೊಂಡು ಅವನ ಪಕ್ಕದಲ್ಲೇ ಊಟಕ್ಕೆ ಕೂತುಬಿಡಿ. ಹೆಂಡತಿಯ ಮಾತನ್ನು ಅವನೊಂದಿಗೆ ಆಮೇಲೆ ತೆಗೆಯಿರಿ.