ಒಂದು ‘ಮಿಲಿ’ ಬಿದ್ದುಹೋದದ್ದು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸಮುದ್ರದ ತಳದ ಕೆಸರು ಮತ್ತು ಅದರಲ್ಲಿರುವ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಯೊಬ್ಬರ ಬಗ್ಗೆ ಬರೆದಿದ್ದೀರಿ. ಅಲ್ಲಿ ಸಾವಿರ ವರ್ಷಕ್ಕೆ ಒಂದು ಮೀಟರ್ ಹೂಳು ಕೂರುತ್ತದೆ ಎಂದಿದೆ. ಹಾಗಿದ್ದರೆ ಐದು ಕಿಲೋಮೀಟರ್ ಆಳದ ಸಮುದ್ರ 50 ಲಕ್ಷ ವರ್ಷದಲ್ಲಿ ತುಂಬಿ ಅಂಗಳ ಆಗಬೇಕಿತ್ತಲ್ಲ? ಹತ್ತು ಕೋಟಿ ವರ್ಷದ ಸೂಕ್ಷ್ಮಜೀವಿ ಎದ್ದು ಉಂಡಿತು ಅನ್ನುವುದೂ ಇದೇ ಥರದ ಲೆಕ್ಕವೋ? ಇಲ್ಲಿ ಹೊಳೆಯ ಬಾಯಲ್ಲೇ ಹೂಳು ತುಂಬಿ ದೋಣಿ ಸಿಕ್ಕಿಬೀಳುತ್ತಿವೆ. ಅಷ್ಟು ದುಡ್ಡು ಸುರಿದು ಎಲ್ಲೋ ಕೆಳಗಿನ ರಾಡಿ ಎತ್ತಿ ತಂದು ಆಗಬೇಕಾದ್ದೇನು?
– ನಿವೃತ್ತ ಶಿಕ್ಷಕಿ, ಅಂಕೋಲಾ

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ.

ಮೊದಲನೇ ತಪ್ಪು ಪೂರ್ತಿ ನಮ್ಮದೇ. ವಿಜ್ಞಾನಿ ಬರೆದುಕೊಟ್ಟಿದ್ದು ‘ಮಿಲಿಮೀಟರ್’. ಪುಟ ಕಟ್ಟುವಾಗ ಸಾಲು ಮುರಿದು ‘ಮಿಲಿ’ ಬಿದ್ದುಹೋಯಿತು. ಕರಡು ತಿದ್ದಿದವನು ನಾನೇ. ಮೂರು ಸಲ ಓದಿದ್ದೆ, ಕಣ್ಣಿಗೆ ಬೀಳಲಿಲ್ಲ. ನೀವು ಪತ್ರದ ಹಿಂಬದಿಯಲ್ಲಿ ಭಾಗಾಕಾರ ಮಾಡಿ ಕಳಿಸಿದ್ದು ನೋಡಿ ನಾಲ್ಕನೇ ಕ್ಲಾಸಿನ ಬೆಂಚಿನ ಮೇಲೆ ನಿಂತ ಹಾಗಾಯಿತು.

ಈಗ ಸರಿಯಾದ ಅಂಕಿಯಿಂದ ಲೆಕ್ಕ ಹಾಕೋಣ. ದಡದಿಂದ ಬಹುದೂರದ ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೂರುವುದು ಸುಮಾರು ಒಂದು ಮಿಲಿಮೀಟರ್. ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ನಿಮ್ಮ 50 ಲಕ್ಷ ವರ್ಷಕ್ಕೆ ಐದು ಮೀಟರ್ ಆಯಿತು, ಒಂದು ಸಣ್ಣ ಬಾವಿಯಷ್ಟು. ದಡದ ಹತ್ತಿರ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಘಟ್ಟದ ಮಣ್ಣನ್ನು ಮಳೆಗಾಲದಲ್ಲಿ ಹೊತ್ತು ತಂದು ಸುರಿಯುತ್ತವೆ. ಇಲ್ಲಿ ಹೂಳಿಗೆ ಬಹಳ ಅವಸರ.

ಹತ್ತು ಕೋಟಿ ವರ್ಷದ ಮಾತು ಮುದ್ರಣದೋಷ ಅಲ್ಲ. 2010ರಲ್ಲಿ ದಕ್ಷಿಣ ಪೆಸಿಫಿಕ್‌ನ ನಡುವೆ, ಸುಮಾರು 5,700 ಮೀಟರ್ ನೀರಿನ ಕೆಳಗೆ, ತಳ ಕೊರೆದು ಮಣ್ಣು ತೆಗೆದರು. ಅದರಲ್ಲಿ ತೀರಾ ಹಳೆಯದು 10 ಕೋಟಿ 15 ಲಕ್ಷ ವರ್ಷದ್ದು. ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲ. ಆದರೂ ಅದರ ಮೇಲೆ ಕೂತ ಹೂಳಿನ ದಪ್ಪ ನೂರು ಮೀಟರ್ ಕೂಡ ಇರಲಿಲ್ಲ. ಇದನ್ನೂ ಭಾಗಿಸಿ ನೋಡಿ, ನಮ್ಮ ಮಿಲಿಮೀಟರ್ ಒಳಗೇ ಬರುತ್ತದೆ. ಜಪಾನಿನ ಪ್ರಯೋಗಾಲಯದಲ್ಲಿ ಆ ಮಣ್ಣಿಗೆ ಗುರುತು ಹಾಕಿದ ಇಂಗಾಲ, ಸಾರಜನಕದ ಆಹಾರ ಕೊಟ್ಟು ಕಾದರು. ಒಂದೂವರೆ ವರ್ಷದವರೆಗೂ ಕಾದರು. ಒಳಗಿದ್ದ ಜೀವಿಗಳು ಉಂಡವು, ಬೆಳೆದವು, ಎರಡಾಗಿ ಒಡೆದವು. ಗುರುತಿನ ಪರಮಾಣುಗಳು ಅವುಗಳ ಮೈಯಲ್ಲೇ ಸಿಕ್ಕಿದ್ದರಿಂದ ಉಂಡದ್ದು ಖಾತ್ರಿ. 2020ರಲ್ಲಿ ಇದು ಪ್ರಕಟವಾಯಿತು. ಒಂದು ಘನ ಸೆಂಟಿಮೀಟರ್ ಮಣ್ಣಿನಲ್ಲಿ ಅವು ಇದ್ದದ್ದು ಕೆಲವು ನೂರರಿಂದ ಕೆಲವು ಸಾವಿರ ಅಷ್ಟೇ. ನಿಮ್ಮೂರ ಹೊಳೆಯ ಒಂದು ಚಮಚ ರಾಡಿಯಲ್ಲಿ ಕೋಟಿಗಟ್ಟಲೆ ಇರುತ್ತವೆ.

ಸಾಯದೆ ಉಳಿದದ್ದು ಹೇಗೆ ಅಂತ ನಾನೂ ಕೇಳಿದ್ದೆ. ಉತ್ತರ ಸ್ವಲ್ಪ ತಮಾಷೆಯಾಗಿದೆ. ಅಲ್ಲಿ ಊಟ ಇಲ್ಲ, ಅದಕ್ಕೇ ಉಸಿರು ಇದೆ. ಮೇಲಿನಿಂದ ಬೀಳುವ ಕೊಳೆ ತೀರಾ ಕಡಿಮೆ. ತಿನ್ನುವವರೂ ಕಡಿಮೆ. ಆಮ್ಲಜನಕವನ್ನು ಮುಗಿಸುವವರೇ ಇಲ್ಲದ್ದರಿಂದ ಅದು ಮಣ್ಣಿನ ಅಡಿಯವರೆಗೂ ಇಳಿದಿರುತ್ತದೆ. ಆ ಜೀವಿಗಳು ಬೆಳೆಯುವ ಆಸೆ ಬಿಟ್ಟು, ಸುಮ್ನೆ ಮೈ ರಿಪೇರಿ ಮಾಡಿಕೊಂಡು ಇರುತ್ತವೆ.

ಇದಕ್ಕೆ ಸರಿಯಾಗಿ ಉಲ್ಟಾ ನೋಡಬೇಕಾದರೆ ಇಳಿತದ ಹೊತ್ತಿಗೆ ಹೊಳೆಯ ಬದಿಗೆ ಹೋಗಿ. ನಾವು ಘಟ್ಟದ ಮೇಲಿನವರು, ಕೆಸರು ಅಂದರೆ ಗದ್ದೆಯದ್ದು ಅಂತಲೇ ತಿಳಿದವರು. ಹೋದ ತಿಂಗಳು ಕುಮಟೆಯ ಹತ್ತಿರ ಅಘನಾಶಿನಿಯಲ್ಲಿ ಬಳಚು (ಚಿಪ್ಪಿ) ಹೆಕ್ಕುವ ಹೆಂಗಸರ ಹಿಂದೆ ನಾನೂ ಇಳಿದೆ. ಮೊಣಕಾಲವರೆಗೆ ಹೂತುಹೋದೆ. ಅವರು ನಕ್ಕಿದ್ದು ಬೇರೆ ವಿಷಯ. ಕಾಲು ಎಳೆದಾಗ ಆ ಗುಂಡಿಯ ಗೋಡೆ ನೋಡಿದೆ. ಮೇಲಿನ ಪದರ ಕಂದು ಬಣ್ಣ, ಉಗುರಿನಷ್ಟು ತೆಳು. ಅದರ ಕೆಳಗೆ ಕಾಡಿಗೆ ಕಪ್ಪು. ಒಳಗಿಂದ ಕೊಳೆತ ಮೊಟ್ಟೆಯ ವಾಸನೆ. ಆ ತೆಳು ಪದರಕ್ಕೇ ಆಮ್ಲಜನಕ ಮುಗಿಯುತ್ತದೆ. ಅದರಿಂದ ಕೆಳಗಿನ ಸೂಕ್ಷ್ಮಜೀವಿಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನೇ ಆಮ್ಲಜನಕದ ಬದಲಿಗೆ ಬಳಸುತ್ತವೆ. ಆಗ ಹೊರಬೀಳುವುದು ಹೈಡ್ರೋಜನ್ ಸಲ್ಫೈಡ್. ವಾಸನೆ ಅದರದ್ದು. ಅದು ಕಬ್ಬಿಣದ ಜೊತೆ ಸೇರಿದಾಗ ಆ ಕಪ್ಪು. ಸಂಜೆ ಸಿರ್ಸಿಗೆ ಬಂದು ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಎರಡು ದಿನ ಹೋಗಲಿಲ್ಲ.

ಈ ಕಪ್ಪು ರಾಡಿಗೂ ಮೀನಿಗೂ ಸಂಬಂಧ ಇದೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ, ಆಳದ ತಣ್ಣನೆ ನೀರು ನಮ್ಮ ಕರಾವಳಿಯ ಕಡೆ ಮೇಲಕ್ಕೆ ಬರುತ್ತದೆ. ಅದರಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಉಳಿದದ್ದನ್ನು ಕೊಳೆಯುವ ಪಾಚಿ ಮತ್ತು ತಳದ ಸೂಕ್ಷ್ಮಜೀವಿಗಳು ಮುಗಿಸುತ್ತವೆ. ಕೆಲವು ವರ್ಷ ತಳದ ನೀರಿನಲ್ಲೇ ಸಲ್ಫೈಡ್ ಕಾಣಿಸಿಕೊಳ್ಳುತ್ತದೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಳೆದು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ತಳದ ಮೀನು, ಸೀಗಡಿ ಆಗ ಉಸಿರು ಹುಡುಕಿಕೊಂಡು ಜಾಗ ಬಿಡುತ್ತವೆ. ಬಲೆ ಯಾಕೆ ಖಾಲಿ ಬಂತು ಅನ್ನುವ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಕೆಸರಿನಲ್ಲಿರುತ್ತದೆ.

ಹಾಗಾದರೆ ಇಲ್ಲಿಯದನ್ನೇ ನೋಡಿ, ಐದು ಕಿಲೋಮೀಟರ್ ಕೆಳಗೆ ಯಾಕೆ ಹೋಗಬೇಕು ಅನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಖರ್ಚು ಸಣ್ಣದಲ್ಲ. ಮಣ್ಣು ತೆಗೆಯುವ ಕೊಳವೆ ಸೆಕೆಂಡಿಗೆ ಒಂದು ಮೀಟರ್ ಇಳಿದರೂ ತಳ ಮುಟ್ಟಲು ಹತ್ತಿರಹತ್ತಿರ ಒಂದೂವರೆ ಗಂಟೆ ಬೇಕು. ಏರಲು ಮತ್ತೆ ಅಷ್ಟೇ. ಒಮ್ಮೊಮ್ಮೆ ಖಾಲಿ ಬರುತ್ತದೆ. ಕಾರವಾರದ ಕೋಡಿಬಾಗದಲ್ಲಿ ಓದಿದ ನಮ್ಮ ಆ ವಿಜ್ಞಾನಿ ಕಚೇರಿಗೆ ಬಂದಾಗ ಒಂದು ಥರ್ಮೋಕೋಲ್ ಲೋಟ ತಂದಿದ್ದರು. ಕೊಳವೆಯ ಜೊತೆ ಕಟ್ಟಿ ಕೆಳಗೆ ಕಳಿಸಿದ್ದಂತೆ. ಚಹಾ ಕುಡಿಯುವ ಲೋಟ ಕುಂಕುಮದ ಭರಣಿಯಷ್ಟಾಗಿ ಬಂದಿದೆ. ಆಕಾರ ಹಾಗೇ ಇದೆ, ಬರೆದ ಹೆಸರೂ ಪುಟ್ಟದಾಗಿದೆ. ಅಲ್ಲಿಯ ಒತ್ತಡ ಇಲ್ಲಿಯ 500 ಪಟ್ಟು.

ಆ ಚಳಿಯಲ್ಲಿ, ಆ ಒತ್ತಡದಲ್ಲಿ ಎಲ್ಲ ಕೆಲಸವೂ ನಿಧಾನ. 1968ರಲ್ಲಿ ಆಲ್ವಿನ್ ಎಂಬ ಅಮೆರಿಕದ ಸಣ್ಣ ಜಲಾಂತರ್ಗಾಮಿ ಹಗ್ಗ ಹರಿದು ಮುಳುಗಿತು. ಒಳಗಿದ್ದವರು ಪಾರಾದರು, ಅವರ ಬುತ್ತಿ ಅಲ್ಲೇ ಉಳಿಯಿತು. ಹತ್ತು ತಿಂಗಳಾದ ಮೇಲೆ 1,500 ಮೀಟರ್ ಕೆಳಗಿನಿಂದ ಎತ್ತಿ ನೋಡಿದರೆ ಸ್ಯಾಂಡ್‌ವಿಚ್, ಸೇಬು ನೀರಲ್ಲಿ ನೆನೆದಿದ್ದವು, ಕೊಳೆತಿರಲಿಲ್ಲ. ಮೇಲೆ ತಂದು ಫ್ರಿಜ್ಜಿನಲ್ಲಿಟ್ಟರೆ ಕೆಲವೇ ವಾರದಲ್ಲಿ ಹಾಳಾದವು. ನಮ್ಮಲ್ಲಿ ಆಷಾಢದ ಬ್ರೆಡ್ಡಿಗೆ ಮೂರನೇ ದಿನಕ್ಕೇ ಬೂಸಲು, ಅಲ್ವಾ?

ಈ ನಿಧಾನವೇ ನಾನು ಹೇಳಬೇಕೆಂದಿದ್ದ ಕಾರಣ. ಹಿಂದೂ ಮಹಾಸಾಗರದ ತಳದಲ್ಲಿ ಆಲೂಗಡ್ಡೆಯಂಥ ಕಪ್ಪು ಗಂಟುಗಳು ಹರಡಿಕೊಂಡಿವೆ. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇರುವಂಥವು. 1981ರ ಜನವರಿ 26ರಂದು ‘ಗವೇಷಣಿ’ ಹಡಗು ಮೊದಲ ಸಲ ಅವನ್ನು ಎತ್ತಿತು. ಅಲ್ಲಿ 75,000 ಚದರ ಕಿಲೋಮೀಟರ್ ಜಾಗ ಹುಡುಕಾಟಕ್ಕೆಂದು ಭಾರತದ ಪಾಲಿಗಿದೆ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಏಳು ಪಟ್ಟಿಗೂ ಜಾಸ್ತಿ. ಗಂಟು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. (‘ಮಿಲಿ’ ಇದೆ, ಎರಡು ಸಲ ನೋಡಿದ್ದೇನೆ.) ಇವತ್ತಲ್ಲ ನಾಳೆ ಯಾರೋ ಅಗೆಯಲು ಹೋಗುತ್ತಾರೆ. 1989ರಲ್ಲಿ ಪೆರು ದೇಶದಾಚೆಯ ಸಮುದ್ರದಲ್ಲಿ, ನಾಲ್ಕು ಕಿಲೋಮೀಟರ್‌ಗೂ ಕೆಳಗೆ, ಪರೀಕ್ಷೆಗೆಂದು ಒಂದು ನೇಗಿಲು ಎಳೆದಿದ್ದರು. 2015ರಲ್ಲಿ ಹೋಗಿ ನೋಡಿದರೆ ಉತ್ತ ಸಾಲು ಹಾಗೇ ಬಿದ್ದುಕೊಂಡಿತ್ತು. ಮೇಲ್ಮಣ್ಣು ಎದ್ದುಹೋದ ಕಡೆ ಸೂಕ್ಷ್ಮಜೀವಿಗಳ ಕೆಲಸ ನಾಲ್ಕನೇ ಒಂದು ಪಾಲಿನವರೆಗೂ ಇಳಿದಿತ್ತು. ಅವು ಮೊದಲಿನಂತಾಗಲು ಕಮ್ಮಿಯೆಂದರೂ 50 ವರ್ಷ ಬೇಕೆಂದು ಅಂದಾಜು. ನಮ್ಮ ಕೊಟ್ಟಿಗೆಗೆ ಹಾಸಿದ ದರಕು (ಒಣ ಎಲೆ) ವರ್ಷದೊಳಗೆ ಗೊಬ್ಬರ ಆಗುತ್ತದೆ. ತಪ್ಪಿದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಅಲ್ಲಿ ಹಾಗಿಲ್ಲ. ಉಳುವ ಮೊದಲು ಯಾರಿದ್ದಾರೆ ಅಂತ ನೋಡಿ ಬರುವ ಖರ್ಚನ್ನು ನಾನಂತೂ ದುಂದು ಅನ್ನಲಾರೆ.

ಹೊಳೆಬಾಯಿಯ ಹೂಳಿನ ವಿಷಯದಲ್ಲಿ ಮಾತ್ರ ನೀವು ಹೇಳಿದ್ದೇ ಸರಿ. ಅದರ ಬಗ್ಗೆ ನಾವು ಬರೆದದ್ದು ಕಮ್ಮಿ. ಮುಂದಿನ ಸಂಚಿಕೆಗೆ ಗಂಗಾವಳಿಯ ಬಗ್ಗೆ ಒಂದು ಲೇಖನ ತಯಾರಾಗುತ್ತಿದೆ, ತುಂಬ ಅಂಕಿಗಳಿವೆ. ಅಚ್ಚಿಗೆ ಹೋಗುವ ಮೊದಲು ಕರಡು ನಿಮ್ಮ ವಿಳಾಸಕ್ಕೆ ಬರುತ್ತದೆ. ಕೆಂಪು ಪೆನ್ನು ಹುಡುಕಿಟ್ಟಿರಿ.