ಆ 40 ದಿನಗಳನ್ನು ಬರೆಯಿರಿ

ಪ್ರೀತಿಯ ಬರಹಗಾರರೇ,

ಮಾಂಟೆನೆಗ್ರೊದ ಫುಟ್‌ಬಾಲ್ ಆಟಗಾರ ಪ್ರೆಡ್ರಾಗ್ ಮಿಯಾಟೊವಿಚ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲು ತಪ್ಪು ಹೇಳಿಬಿಡುತ್ತೇನೆ. ಅವರು ಮಾಂಟೆನೆಗ್ರೊ ತಂಡದ ಪರ ಆಡಿದರು ಎಂದು ಬರೆದಿದ್ದೀರಿ. ಆಡಲಿಲ್ಲ. ಮಾಂಟೆನೆಗ್ರೊ ಬೇರೆ ದೇಶವಾದದ್ದು 2006ರಲ್ಲಿ, ಅಷ್ಟರಲ್ಲಿ ಅವರ ಆಟ ಮುಗಿದಿತ್ತು. ಅವರು ತೊಟ್ಟಿದ್ದು ಆಗ ಮಾಂಟೆನೆಗ್ರೊ ಸೇರಿದ್ದ ಯುಗೊಸ್ಲಾವಿಯಾದ ಅಂಗಿ. 1969ರಲ್ಲಿ ಅವರು ಹುಟ್ಟಿದಾಗ ಊರಿನ ಹೆಸರು ಟಿಟೊಗ್ರಾಡ್, ಈಗ ಅದೇ ಊರು ಪೊಡ್ಗೊರಿತ್ಸಾ. ಯುದ್ಧದಿಂದಾಗಿ 1992ರ ಯುರೋ, ಅಂದರೆ ಯುರೋಪಿನ ದೇಶಗಳ ಟೂರ್ನಿಯಿಂದ ಯುಗೊಸ್ಲಾವಿಯಾವನ್ನು ಹೊರಗಿಟ್ಟರು. ಬದಲಿಗೆ ಹೋದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು. ಮಿಯಾಟೊವಿಚ್‌ಗೆ ಆಗ 23 ವರ್ಷ. ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ!

ಇರುವುದು ಕ್ಲಬ್‌ಗಳ ಪಟ್ಟಿ. ಪಾರ್ಟಿಜಾನ್, ವೆಲೆನ್ಸಿಯಾ, ರಿಯಲ್ ಮ್ಯಾಡ್ರಿಡ್, ಫಿಯೊರೆಂಟಿನಾ, ಲೆವಾಂಟೆ, ಜೊತೆಗೆ ಗೋಲುಗಳ ಲೆಕ್ಕ. ‘ಮಹಾನ್’ ಎಂಬ ಪದವಂತೂ ಹನ್ನೊಂದು ಕಡೆ ಇದೆ, ಎಲ್ಲವನ್ನೂ ತೆಗೆಯಿರಿ.

ನನ್ನ ಕಣ್ಣು ನಿಂತದ್ದು ನಿಮ್ಮ ಎರಡು ಸಾಲುಗಳ ಮೇಲೆ. ಒಂದು, 1998ರ ಮೇ 20, ಆಮ್‌ಸ್ಟರ್‌ಡ್ಯಾಮ್, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್. ರಿಯಲ್ ಮ್ಯಾಡ್ರಿಡ್ ಎದುರಿಗೆ ಇಟಲಿಯ ಯುವೆಂಟಸ್. 66ನೇ ನಿಮಿಷ. ಜೊತೆ ಆಟಗಾರ ರಾಬರ್ಟೊ ಕಾರ್ಲೋಸ್ ಒದ್ದ ಚೆಂಡು ಯಾರಿಗೋ ತಗುಲಿ ಮಿಯಾಟೊವಿಚ್ ಕಾಲಿಗೆ ಬಂತು. ಗೋಲ್‌ಕೀಪರ್ ಪೆರುಝಿಯನ್ನು ದಾಟಿ, ಪಕ್ಕದ ಕಿರಿದಾದ ಜಾಗದಿಂದ ಒಳಗೆ ಹಾಕಿದರು. ರಿಯಲ್ ಮ್ಯಾಡ್ರಿಡ್ 32 ವರ್ಷ ಕಾದಿದ್ದ ಕಪ್ಪು ಆ ಒಂದೇ ಗೋಲಿನಿಂದ ಬಂತು.

ಇನ್ನೊಂದು, ಅದೇ ವರ್ಷದ ಜೂನ್ 29, ಫ್ರಾನ್ಸಿನ ಟುಲೂಸ್, ವಿಶ್ವಕಪ್. ನೆದರ್ಲೆಂಡ್ಸ್ ವಿರುದ್ಧ ಸ್ಕೋರು 1-1. ಯುಗೊಸ್ಲಾವಿಯಾಕ್ಕೆ ಪೆನಾಲ್ಟಿ ಸಿಕ್ಕಿತು. ಒದ್ದವರು ಇದೇ ಮಿಯಾಟೊವಿಚ್. ಚೆಂಡು ಗೋಲಿನ ಮೇಲಿನ ಕಂಬಕ್ಕೆ ಬಡಿಯಿತು. ಕೊನೆಯಲ್ಲಿ, 90 ನಿಮಿಷ ದಾಟಿದ ಮೇಲೆ, ನೆದರ್ಲೆಂಡ್ಸ್‌ನ ಡೇವಿಡ್ಸ್ ಗೋಲು ಹೊಡೆದರು. ಯುಗೊಸ್ಲಾವಿಯಾ ಮನೆಗೆ ಹೋಯಿತು.

ನಡುವೆ ಬರೀ 40 ದಿನ. ಕಾಲು ಅದೇ, ಮನುಷ್ಯ ಅವನೇ. ನೀವು ಪೆನಾಲ್ಟಿಯನ್ನು ‘ದುರದೃಷ್ಟ’ ಎಂದು ಸುಮ್ನೆ ದಾಟಿಸಿದ್ದೀರಿ. ಇಷ್ಟಪಟ್ಟ ಆಟಗಾರನ ಸೋಲನ್ನು ಬರೆಯಲು ಕೈ ನಡುಗುತ್ತದೆ, ಅಲ್ವಾ? ನನಗೂ ಆಗಿದೆ. ಆದರೂ ಅಲ್ಲೇ ನಿಲ್ಲಿ. ಆ ಎರಡೂ ಪಂದ್ಯಗಳ ದೃಶ್ಯ ಹುಡುಕಿ ನೋಡಿ, ಕಂಡದ್ದನ್ನು ಬರೆಯಿರಿ. ಮೇ 20ರಿಂದಲೇ ಲೇಖನ ಶುರುವಾಗಲಿ. ಟಿಟೊಗ್ರಾಡ್ ಮಧ್ಯದಲ್ಲಿ ಬರಲಿ. 2006ರಿಂದ 2009ರವರೆಗೆ ಅವರು ರಿಯಲ್ ಮ್ಯಾಡ್ರಿಡ್‌ನ ಕ್ರೀಡಾ ನಿರ್ದೇಶಕರಾಗಿದ್ದುದಕ್ಕೆ ಒಂದು ಸಾಲು ಸಾಕು.

900 ಪದ ಮೀರದಿರಲಿ. ಮತ್ತೆ ಕಳಿಸಿ, ನಾನೇ ಓದುತ್ತೇನೆ.

ನಿಮ್ಮ,
ಸಂಪಾದಕ