ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಹೊರಟಿರುವ ಕುಮಟೆಯ ತಮ್ಮನಿಗೆ

ಬಾಡಿಗೆ, ಮೀನು, ಚಳಿ ಎಲ್ಲವನ್ನೂ ಕೇಳಿದ ಮೇಲೆ ನೀವು ಸಂಕೋಚದಿಂದ ಇನ್ನೊಂದು ಪ್ರಶ್ನೆ ಸೇರಿಸಿದ್ದೀರಿ: ‘ಯುರೋಪಿನಲ್ಲಿ ವೇಶ್ಯೆಯರ ಬಳಿ ಹೋಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ ಎಂದು ಜೊತೆಗೆ ಬರುವವರು ಹೇಳುತ್ತಿದ್ದಾರೆ, ನಿಜವೇ?’ ಬಾಡಿಗೆ ದುಬಾರಿ. ಬಂಗಡೆ ಸಿಗುತ್ತದೆ, ಮುರುಗಲ ಸಿಪ್ಪೆಯನ್ನು ಮನೆಯಿಂದಲೇ ತನ್ನಿ. ಕೊನೆಯ ಪ್ರಶ್ನೆಗೆ ಮಾತ್ರ ಬಿಡಿಸಿ ಉತ್ತರಿಸಬೇಕಾಗಿದೆ.

ಯುರೋಪಿಗೆಲ್ಲ ಒಂದೇ ಕಾನೂನಿಲ್ಲ. ನೆದರ್ಲೆಂಡ್ಸ್ 2000ದಲ್ಲಿ ವೇಶ್ಯಾಗೃಹಗಳ ಮೇಲಿನ ನಿಷೇಧವನ್ನು ತೆಗೆಯಿತು. ಜರ್ಮನಿಯಲ್ಲಿ 2002ರಿಂದ ವೇಶ್ಯಾವೃತ್ತಿ ಕಾನೂನು ಒಪ್ಪಿದ ದುಡಿಮೆ. ಸ್ವೀಡನ್ನಿನಲ್ಲಾದರೋ 1999ರ ಜನವರಿ 1ರಿಂದ ಮೈ ಮಾರುವವಳು ಅಪರಾಧಿಯಲ್ಲ, ಹಣ ಕೊಟ್ಟು ಕೊಳ್ಳುವವನೇ ಅಪರಾಧಿ. 2022ರ ಆಗಸ್ಟ್‌ನಿಂದ ಬರೀ ದಂಡದ ಶಿಕ್ಷೆಯೂ ಹೋಗಿ, ಒಂದು ವರ್ಷದವರೆಗಿನ ಸೆರೆವಾಸವೇ ಕಾನೂನಿನಲ್ಲಿ ಉಳಿದಿದೆ. ಕೊಳ್ಳುವವನನ್ನೇ ಅಪರಾಧಿಯೆನ್ನುವ ಈ ದಾರಿಯನ್ನು ನಾರ್ವೆ 2009ರಲ್ಲಿ, ಫ್ರಾನ್ಸ್ 2016ರಲ್ಲಿ ಹಿಡಿದವು. ನಮ್ಮ ಭಾರತದ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಗಿರಾಕಿಯನ್ನು ಕರೆದ ಹೆಣ್ಣಿಗೆ ಶಿಕ್ಷೆಯಿದೆ. ದಾಳಿಯಾದಾಗ ಸೆರಗಿನಿಂದ ಮುಖ ಮುಚ್ಚಿಕೊಳ್ಳಬೇಕಾದವಳೂ ಅವಳೇ. ಅದನ್ನು ನೋಡಿ ಬೆಳೆದ ನನಗೆ ಇಲ್ಲಿಯ ನ್ಯಾಯ ಸರಿ ಎನಿಸಲು ಬಹಳ ಕಾಲ ಹಿಡಿಯಿತು.

ನಾನು 2001ರಲ್ಲಿ ಅಂಕೋಲೆಯಿಂದ ಬಂದಾಗ, ಒಂದೇ ಕೋಣೆಯಲ್ಲಿದ್ದ ನಮ್ಮ ಕಡೆಯವನೇ ಒಬ್ಬನಿಗೆ ಸ್ವೀಡಿಷ್ ಭಾಷೆಯ ಕಾಗದವೊಂದು ಬಂತು. ನಿಘಂಟು ಹಿಡಿದು ಓದಿ ಹೇಳಿದವನು ನಾನು: ಅವನ ಆದಾಯಕ್ಕೆ ತಕ್ಕಂತೆ ದಂಡ ವಿಧಿಸಿದ್ದರು. ಊರಿಗೆ ತಿಳಿಯಬಾರದೆಂದು ಅವನು ಅತ್ತನು. ಕಾಗದದಲ್ಲಿ ಆ ಹೆಂಗಸಿನ ಬಗ್ಗೆಯೂ ಒಂದು ಸಾಲಿತ್ತು. ಅವಳು ಯಾರು, ಎಲ್ಲಿಯವಳು ಎಂದು ನಾವಿಬ್ಬರೂ ಆ ರಾತ್ರಿ ಒಮ್ಮೆಯೂ ಮಾತಾಡಲಿಲ್ಲ.

ಮರುವರ್ಷ ಅವನಿಗೆ ಹೆಣ್ಣು ಗೊತ್ತಾಗುವಾಗ ಆಕೆಯ ತಂದೆ ನಮ್ಮ ಮನೆಗೆ ಬಂದು, ಅಲ್ಲಿಂದಲೇ ನನಗೆ ಫೋನು ಮಾಡಿಸಿದರು. ಸಂಬಂಧ ಬೆಳೆಸುವ ಮೊದಲು ಹೀಗೆ ವಿಚಾರಿಸುವುದರ ತೂಕ ನಿಮಗೆ ಗೊತ್ತೇ ಇದೆ. ‘ನೀನು ಒಂದೇ ಕೋಣೆಯಲ್ಲಿರುವವನು, ಹುಡುಗ ಹೇಗಪ್ಪಾ?’ ಎಂದರು. ‘ಒಳ್ಳೆಯವನು’ ಎಂದೆ. ನಿಜ ಹೇಳುವ ಧೈರ್ಯ ನನಗಿರಲಿಲ್ಲ. ‘ನೀನೇ ಆ ಹುಡುಗಿಗೆ ತಿಳಿಸು’ ಎಂದು ಗೆಳೆಯನಿಗೆ ಹೇಳುವ ಧೈರ್ಯವೂ ಇರಲಿಲ್ಲ. ಆ ಮದುವೆಯಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡು ಬಂದೆ.

ಆ ತಂದೆ ಈಗಿಲ್ಲ. ಊರಿಗೆ ಹೋದಾಗ ಆಕೆ ಎದುರಾದರೆ ‘ಅಣ್ಣಾ, ಊಟಕ್ಕೆ ಬನ್ನಿ’ ಎಂದು ಕರೆಯುತ್ತಾಳೆ. ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ಹೋಗಲಾಗಿಲ್ಲ. ನಿಮ್ಮ ಜೊತೆಗಾರರಿಗೆ ಇಲ್ಲಿಯ ಕಾನೂನನ್ನು ವಿಮಾನ ಹತ್ತುವ ಮೊದಲೇ ತಿಳಿಸಿ, ಅವರು ನಕ್ಕರೂ ತಿಳಿಸಿ.